ಹೊರಗಿನ ಚಿಲಕ

“ಬಾಗ್ಲು ಹಾಕೇ ಮುಂಡೆ! ಶಿಶುವಿಹಾರ ಏನು ಬಸ್‌ಸ್ಟ್ಯಾಂಡಾ?”

ಸೂಪರ್‌ವೈಸರ್ ಸಾಹೇಬರು ಮಕ್ಕಳೆದುರೇ ಹಾಗಂದರು. ನಾನು ಹೊಸ್ತಿಲ ಮೇಲೆ ಕೂತು ಪಾಠ ಹೇಳುತ್ತಿದ್ದೆ. ಮಕ್ಕಳು ರಸ್ತೆಗೆ ಓಡದಂತೆ ನಾನೇ ಬಾಗಿಲು.

“ಮುಚ್ಚಿದ್ರೆ ಮಕ್ಕಳ ಬಾಯೂ ಮುಚ್ಚೋಗುತ್ತೆ ಸಾರ್. ಹಾಡು ಬದಲಾಯಿಸಿ ನೋಡ್ದೆ, ಕೂರೋ ಜಾಗ ಬದಲಾಯಿಸಿ ನೋಡ್ದೆ. ಒಂದಿನ ಮುಚ್ಚಿ, ಒಂದಿನ ತೆಗ್ದು ನೋಡ್ದೆ. ಬಾಗ್ಲೇ ಕಾರಣ. ಶಿಶುವಿಹಾರ ಇಲ್ಲದ ಹೊತ್ತಲ್ಲಿ ಇವ್ರಮ್ಮಂದಿರು ಫ್ಯಾಕ್ಟರಿಗೆ ಹೋಗುವಾಗ ಇವ್ರನ್ನ ಮನೆ ಒಳಗೆ ಬಿಟ್ಟು ಹೊರಗಿಂದ ಚಿಲಕ ಹಾಕ್ತಾರೆ. ಪಾಪ, ಬೇರೆ ಗತಿಯಿಲ್ಲ.”

“ಓಹೋ! ಸಂಶೋಧನೆ! ಮೂಗು ಒರೆಸೋಕೆ ಇಟ್ಕೊಂಡಿರೋಳು ನೀನು. ಕಂಡುಹಿಡಿಯೋಕೆ ಮೇಲೆ ದೊಡ್ಡೋರಿದಾರೆ.”

ಅವರೇ ಬಾಗಿಲೆಳೆದು ಒಳಗಿನ ಚಿಲಕ ಹಾಕಿದರು. ಖಟ್ ಎಂದಿತು. ಅಷ್ಟು ಹೊತ್ತು ಕಿತ್ತಾಡುತ್ತಿದ್ದ ಮಕ್ಕಳು ತೆಪ್ಪಗಾದರು. ಸಾಹೇಬರು ಮುಂದೆ ಕೂತಿದ್ದ ಪುಟ್ಟ ಹುಡುಗಿ ಗುಬ್ಬಿಯ ಗಲ್ಲ ಹಿಡಿದೆತ್ತಿದರು. ಗುಬ್ಬಿ ಇಲ್ಲಿಗೆ ಬಂದಾಗಿನಿಂದ ಒಂದು ಮಾತೂ ಆಡಿದವಳಲ್ಲ. ಬಾಗಿಲು ತೆರೆದಿಟ್ಟ ಮೇಲೆ ಹಾಡಿಗೆ ತುಟಿ ಅಲ್ಲಾಡಿಸುತ್ತಿದ್ದಳು. ಅಷ್ಟಕ್ಕೇ ನಾನು ಹಿರಿಹಿರಿ ಹಿಗ್ಗಿದ್ದೆ.

“ನಿನ್ನ ಹೆಸ್ರೇನೇ?”

ಗುಬ್ಬಿಯ ಕಾಲ ಕೆಳಗೆ ಚಾಪೆ ಒದ್ದೆಯಾಯಿತು.

“ಥೂ, ದರಿದ್ರ! ಮಂದಬುದ್ಧಿ ಇದು. ನಾಳೆಯಿಂದ ಬರೋದು ಬೇಡ. ಒರೆಸು, ನನ್ನ ಬೂಟಿಗೂ ಹಾರಿದೆ.”

ನಾಳೆಯಿಂದ ಬರಬಾರದು ಅಂದರೆ ಮಗು ದಿನವಿಡೀ ಚಿಲಕದ ಹಿಂದೆ. ನಾನು ಮೊಣಕಾಲೂರಿ ಬೂಟು ಒರೆಸಿದೆ. ಎದ್ದು ಚಿಲಕ ತೆಗೆದೆ. “ಬನ್ರೋ, ಕೈ ತೊಳ್ಕೊಳ್ಳೋಣ” ಎಂದು ಮಕ್ಕಳನ್ನೆಲ್ಲ ಹೊರಗೆ ಬಿಟ್ಟೆ. ಕೊನೆಗೆ ಗುಬ್ಬಿಯನ್ನು ಎತ್ತಿಕೊಂಡು ನಾನೂ ದಾಟಿದೆ. ಬಾಗಿಲೆಳೆದು ಹೊರಗಿನ ಚಿಲಕ ಹಾಕಿದೆ.

“ಏಯ್! ಏನೇ ಇದು?”

“ಏನಿಲ್ಲ ಸಾರ್, ಇನ್ನೊಂದ್ಸಲ ಮುಚ್ಚಿ ನೋಡ್ತಿದೀನಿ. ನಿಮ್ಮ ಹೆಸ್ರು ಹೇಳಿ.”

ಸಾಹೇಬರು ದಬದಬ ಗುದ್ದಿದರು. ಕೆಲಸದಿಂದ ಕಿತ್ತು ಹಾಕುತ್ತೇನೆ, ಪೊಲೀಸರಿಗೆ ಕೊಡುತ್ತೇನೆ ಅಂದರು. ಎರಡನ್ನೂ ಮಾಡುತ್ತಾರೆಂದು ನನಗೆ ಗೊತ್ತಿತ್ತು. ಬರಬರುತ್ತ ಬೈಗುಳ ನಿಂತು ದನಿ ನಡುಗತೊಡಗಿತು.

“ತೆಗಿಯಮ್ಮಾ... ಉಸಿರು ಕಟ್ತಾ ಇದೆ.”

ಗುಬ್ಬಿ ನನ್ನ ಸೊಂಟದಿಂದ ಜಾರಿ ಇಳಿದಳು. ಒದ್ದೆ ಬಟ್ಟೆಯಲ್ಲೇ ಹೋಗಿ ಬಾಗಿಲ ಸಂದಿಗೆ ಬಾಯಿಟ್ಟಳು. ಅವಳ ದನಿ ನಾನು ಕೇಳಿದ್ದು ಅದೇ ಮೊದಲು.

“ಅಳ್ಬಾರ್ದು. ಕಿರುಚಿದ್ರೆ ಮನೆ ಓನರ್ ಬೈತಾರೆ. ಗೋಡೆ ಕಡೆ ತಿರುಗಿ ಸುಮ್ನೆ ಮಲ್ಕೋ. ಸೈರನ್ ಆದ್ಮೇಲೆ ಅಮ್ಮ ಬರ್ತಾಳೆ.”