ಗುರುರಾಜರ ಎಡಗಿವಿಗೆ ಬಿದ್ದ ಪೆಟ್ಟು

ಔರಂಗಾಬಾದಿಗೆ ಹೊಸದಾಗಿ ಬಂದ ನಮ್ಮವರಿಗೆಲ್ಲ ಒಂದು ಫಜೀತಿ ಕಾದಿರುತ್ತದೆ. ಬಸ್ ಸ್ಟ್ಯಾಂಡಿಗೆ ಹೋದರೆ ಕೆಂಪು ಬಸ್ಸಿನ ಹಣೆಯ ಮೇಲೆ ‘ಕನ್ನಡ’ ಎಂದು ಮರಾಠಿಯಲ್ಲಿ ಬರೆದಿರುತ್ತದೆ. ಅಬ್ಬಾ, ನಮ್ಮ ಭಾಷೆಯ ಹೆಸರಿನಲ್ಲಿ ಒಂದು ಬಸ್ಸು ಎಂದು ಎದೆ ಉಬ್ಬಿಸಬೇಡಿ. ಅದು ಇಲ್ಲಿಗೆ ಹತ್ತಿರದ ಒಂದು ತಾಲ್ಲೂಕು ಊರು. ಅಲ್ಲಿ ದೀಪ ಹಿಡಿದು ಹುಡುಕಿದರೂ ಕನ್ನಡ ಮಾತನಾಡುವವರು ಸಿಗುವುದು ಕಷ್ಟ. ಹಾಗಾಗಿ ಯಾರಾದರೂ “ಕುಠಲೇ ತುಮ್ಹೀ?”, ಅಂದರೆ ನೀವು ಎಲ್ಲಿಯವರು ಎಂದು ಕೇಳಿದಾಗ ನಾವು “ಆಮ್ಹೀ ಕನ್ನಡ” ಎಂದರೆ, ಅವರು ನಮ್ಮನ್ನು ಆ ಊರಿನವರೆಂದೇ ತಿಳಿಯುತ್ತಾರೆ. ನಮ್ಮ ಕನ್ನಡ ಸಂಘದ ಸಭೆಗಳಲ್ಲಿ ಈ ಗೊಂದಲ ಹೇಳಿಕೊಂಡು ಎಷ್ಟೋ ಸಲ ನಕ್ಕಿದ್ದೇವೆ. ಗುರುರಾಜರಿಗೆ ಆದದ್ದು ಗೊತ್ತಾದ ಮೇಲೆ ನಗುವುದನ್ನು ನಿಲ್ಲಿಸಿದೆವು.

ಗುರುರಾಜರು ಬ್ಯಾಂಕಿನ ಅಧಿಕಾರಿ. ವಿಜಾಪುರದಿಂದ ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಬ್ಯಾಂಕಿನಲ್ಲಿ ಹಿಂದಿಯಲ್ಲಿ ಕೆಲಸ ಸಾಗುತ್ತಿತ್ತು, ಮರಾಠಿ ಇನ್ನೂ ನಾಲಿಗೆಗೆ ಹತ್ತಿರಲಿಲ್ಲ. ಮಗಳು ವಿಭಾ ಹಾಗಲ್ಲ. ಸೊಲ್ಲಾಪುರದ ಅಜ್ಜಿಯ ಮನೆಯಲ್ಲಿದ್ದು ಮರಾಠಿ ಶಾಲೆಯಲ್ಲಿ ಕಲಿತವಳು, ಅರಳು ಹುರಿದಂತೆ ಮರಾಠಿ ಮಾತನಾಡುತ್ತಾಳೆ. ಈಗ ಎಂಟನೇ ತರಗತಿ.

ಒಂದು ಬೆಳಿಗ್ಗೆ ಗುರುರಾಜರು ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಹೊರಟಿದ್ದರು. ಸ್ಕೂಟರ್ ವಿಜಾಪುರದಿಂದ ತಂದದ್ದೇ, ಕರ್ನಾಟಕದ ನಂಬರು. ಒಂದು ಚೌಕದಲ್ಲಿ ಗೊತ್ತಿಲ್ಲದೆ ಏಕಮುಖ ರಸ್ತೆಗೆ ಎದುರಿನಿಂದ ನುಗ್ಗಿಬಿಟ್ಟರು. ಪೊಲೀಸಿನವನು ಕೈ ಅಡ್ಡ ಹಿಡಿದ. ಇಲ್ಲಿಯವರೆಗೆ ತಪ್ಪು ಗುರುರಾಜರದೇ, ಅದನ್ನು ಅವರೂ ಅಲ್ಲಗಳೆಯುವುದಿಲ್ಲ.

“ಕುಠಲೇ ತುಮ್ಹೀ?” ಎಂದು ಪೊಲೀಸ್ ಕೇಳಿದ.

“ಆಮ್ಹೀ ಕನ್ನಡ,” ಎಂದರು ಗುರುರಾಜರು.

“ಕನ್ನಡದವನಾ? ಮತ್ತೆ ಗಾಡಿ ಕರ್ನಾಟಕದ್ದು ಹೇಗೆ? ಯಾರ ಗಾಡಿ ಇದು?” ಪೊಲೀಸ್ ಮರಾಠಿಯಲ್ಲಿ ಗದರಿದ.

ಆ ಗಡಿಬಿಡಿಯ ಮರಾಠಿಯಲ್ಲಿ ಗುರುರಾಜರ ಕಿವಿಗೆ ಬಿದ್ದದ್ದು ‘ಕನ್ನಡ’, ‘ಕರ್ನಾಟಕ’ ಎಂಬ ಎರಡೇ ಮಾತು. ಸರಿಯಾಗಿ ತಿಳಿದುಕೊಂಡಿದ್ದಾನೆ ಎಂದುಕೊಂಡು, ಮುಖದ ತುಂಬ ನಗು ತಂದುಕೊಂಡು, “ಹೋ, ಹೋ, ಕನ್ನಡ!”, ಹೌದು ಹೌದು, ಎಂದರು. ಪೊಲೀಸಿನವನಿಗೆ ಇವನು ಸುಳ್ಳು ಹೇಳಿ ಅಣಕಿಸುತ್ತಿದ್ದಾನೆ ಎನಿಸಿತು. ಕೈ ಬೀಸಿ ಎಡಗಿವಿಯ ಮೇಲೆ ಹೊಡೆದ. ಕನ್ನಡಕ ಹಾರಿ ಬಿತ್ತು. ಅವನ ಬಾಯಲ್ಲಿ ಬಂದ ಬೈಗುಳವನ್ನು ನಾನಿಲ್ಲಿ ಬರೆಯುವುದಿಲ್ಲ. ಆಮೇಲೆ ಕಾಗದಪತ್ರ ನೋಡಿದ, ಎಲ್ಲ ಸರಿಯಿತ್ತು. “ಚಲ, ನಿಘ,” ಹೋಗು ಇಲ್ಲಿಂದ, ಎಂದು ಅಟ್ಟಿದ. ದಂಡವನ್ನೂ ಹಾಕಲಿಲ್ಲ. ಬೀದಿಯ ತುಂಬ ಜನ ನಿಂತು ನೋಡುತ್ತಿದ್ದರು.

ಶಾಲೆಯ ಗೇಟಿನಲ್ಲಿ ಗುರುರಾಜರು ಮಗಳ ಮುಖ ನೋಡದೆ ಹೇಳಿದ್ದು ಒಂದೇ ಮಾತು: “ಅಮ್ಮಗ ಹೇಳಬ್ಯಾಡ.”

ಮನೆಯಲ್ಲಿ ಹೆಂಡತಿ ನೀರಜಾ ಕೇಳದೆ ಬಿಡುತ್ತಾರೆಯೇ? “ಯಾಕ್ರಿ, ಕಿವಿ ಹಿಡಕೊಂಡು ಕೂತೀರಿ?”

“ಏನಿಲ್ಲ. ಗಾಳಿ ಹೊಕ್ಕದ.”

“ಹಂಗಂದ್ರ ಬೆಳ್ಳೊಳ್ಳಿ ಎಣ್ಣಿ ಕಾಸಿ ಹಾಕ್ತೀನಿ, ತಡೀರಿ.”

ಬೇಡ ಎನ್ನಲು ಕಾರಣ ಹೇಳಬೇಕು, ಕಾರಣ ಹೇಳಿದರೆ ಮಾನ ಹೋಗುತ್ತದೆ. ಗುರುರಾಜರು ಮಗ್ಗುಲಾಗಿ ಮಲಗಿದರು. ನೀರಜಾ ಬೆಚ್ಚಗಿನ ಎಣ್ಣೆ ಬಿಟ್ಟರು. ಪೆಟ್ಟು ಬಿದ್ದು ಹರಿದಿದ್ದ ಕಿವಿಯ ತಮಟೆಯೊಳಗೆ ಆ ಎಣ್ಣೆ ಇಳಿದಾಗ ಆ ಮನುಷ್ಯ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದರಂತೆ. ಬಾಗಿಲಲ್ಲಿ ನಿಂತಿದ್ದ ವಿಭಾ ನೋಡುತ್ತಿದ್ದಳು. ಅವಳೂ ಸುಮ್ಮನಿದ್ದಳು. ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಹೊಡೆದವನು ಚೌಕದಲ್ಲಿ ಆರಾಮಾಗಿ ಸೀಟಿ ಊದುತ್ತಿದ್ದ, ಈ ಮನೆಯಲ್ಲಿ ಮಾತ್ರ ಎಲ್ಲರ ಬಾಯಿಗೂ ಬೀಗ.

ಎಣ್ಣೆ ಹಾಕಿದಷ್ಟೂ ಕಿವಿ ಕೆಟ್ಟಿತು. ಕೀವು ಸೋರತೊಡಗಿತು. ಕೌಂಟರಿನಲ್ಲಿ ಗಿರಾಕಿ ಒಂದು ಕೇಳಿದರೆ ಗುರುರಾಜರು ಇನ್ನೊಂದು ಹೇಳುವರು. ಇತ್ತ ವಿಭಾ, “ಪಪ್ಪಾ, ನಾನು ಆಟೋದಾಗ ಹೋಗ್ತೀನಿ,” ಎಂದು ಸ್ಕೂಟರ್ ಹತ್ತುವುದನ್ನೇ ಬಿಟ್ಟಳು. ಮಗಳಿಗೆ ತನ್ನ ಬಗ್ಗೆ ಹೇಸಿಗೆಯಾಗಿದೆ ಎಂದು ತಂದೆ ತಿಳಿದರು. ಊಟಕ್ಕೆ ಒಟ್ಟಿಗೆ ಕೂರುವುದೂ ನಿಂತಿತು.

ಕೊನೆಗೆ ನೀರಜಾ ಹಟ ಹಿಡಿದು ಕಿವಿಯ ಡಾಕ್ಟರರ ಬಳಿ ಕರೆದುಕೊಂಡು ಹೋದರು. ವಿಭಾ ಜೊತೆಗಿದ್ದಳು. ಡಾಕ್ಟರು ದೀಪ ಹಾಕಿ ನೋಡಿ, “ತಮಟೆ ಹರಿದಿದೆ. ಯಾರು ಹೊಡೆದರು?” ಎಂದು ಹಿಂದಿಯಲ್ಲಿ ಕೇಳಿದರು.

“ಯಾರೂ ಇಲ್ಲ. ಬಾತ್ರೂಮಿನಲ್ಲಿ ಜಾರಿ ಬಿದ್ದೆ,” ಎಂದರು ಗುರುರಾಜರು.

“ನಿಜ ಹೇಳಿದರೆ ನಿಜವಾದ ಔಷಧಿ ಕೊಡಬಹುದು. ಎಣ್ಣೆ ಬೇರೆ ಹಾಕಿದ್ದೀರಿ. ಸೋಂಕು ಒಳಗೆ ಹೋಗಿದೆ. ಹೀಗೇ ಬಿಟ್ಟರೆ ಈ ಕಿವಿ ಉಳಿಯುವುದಿಲ್ಲ.”

ಆಗ ವಿಭಾ ಹೋ ಎಂದು ಅಳತೊಡಗಿದಳು. “ಪೊಲೀಸ್ ಹೊಡದಾ. ಪಪ್ಪಾ ಕನ್ನಡ ಅಂದ್ರು, ಅಂವಗ ಆ ಊರು ಅನಿಸ್ತು. ನನಗ ಎಲ್ಲಾ ತಿಳೀತಿತ್ತು ಮಮ್ಮಿ! ಕರ್ನಾಟಕ ಅಂತ ನಾನು ಒಂದು ಮಾತು ಬೋಲಬೇಕಿತ್ತು. ನಾಲಿಗಿನ ಹೊಳ್ಳಲಿಲ್ಲ. ಅದಕ್ಕ ನಾ ಪಪ್ಪಾನ ಗಾಡಿ ಹತ್ತಂಗಿಲ್ಲ, ನನಗ ಲಾಜ್ ಆಗ್ತದ, ನಾಚಿಕಿ ಬರ್ತದ.”

ನೀರಜಾರಿಗೆ ಮೊದಲು ನೆನಪಾದದ್ದು ಎಣ್ಣೆಯ ಬಟ್ಟಲು. “ಅಯ್ಯ ದೇವರ, ನನ್ನ ಕೈಯಾರೆ ಸುರದೆನಲ್ರಿ,” ಎಂದು ತಲೆಗೆ ಕೈ ಹೊತ್ತು ಕೂತುಬಿಟ್ಟರು. ಗುರುರಾಜರು ಡಾಕ್ಟರಿಗೆ ಇದ್ದದ್ದನ್ನು ಇದ್ದಂತೆ ಹೇಳಿದರು. ಡಾಕ್ಟರು ಅದನ್ನೇ ಚೀಟಿಯಲ್ಲಿ ಬರೆದರು.

ಅಂದು ಸಂಜೆ ನೀರಜಾ ಮೇಲಿನ ಮನೆಯ ನಿರುಪಮಾರನ್ನು ಕರೆದರು. ನಿರುಪಮಾ ನಾಶಿಕದಲ್ಲಿ ಬೆಳೆದ ಧಾರವಾಡದ ಹೆಣ್ಣುಮಗಳು, ಕೋರ್ಟಿನಲ್ಲಿ ವಕೀಲೆ. ಅದೇ ಹೊತ್ತಿಗೆ ಸುಧಾಕರ ಶೆಟ್ಟರೂ ಇಡ್ಲಿಯ ಪೊಟ್ಟಣ ಹಿಡಿದು ಬಂದರು. ಕುಂದಾಪುರದವರು, ಆ ಚೌಕದಲ್ಲೇ ಅವರ ಹೋಟೆಲು. ಗುರುರಾಜರಿಗೆ ಹುಷಾರಿಲ್ಲವೆಂದು ಕೇಳಿ ನೋಡಲು ಬಂದಿದ್ದರು.

“ನಾಳೆನ ದೂರು ಕೊಡ್ರಿ,” ಎಂದರು ನಿರುಪಮಾ.

“ಬ್ಯಾಡ್ರಿ. ತಪ್ಪು ನಂದ. ಒನ್ ವೇದಾಗ ನಾನ ಹೋದಾಂವ.”

“ಒನ್ ವೇಕ್ಕ ಕಾಯ್ದೆದಾಗ ದಂಡ ಅದ. ದಂಡ ಹಾಕಲಿ, ರಸೀದಿ ಕೊಡಲಿ. ನೀವು ಒಪ್ಪಲಿಲ್ಲಂದ್ರ ಕೋರ್ಟಿಗೆ ಕಳಸಲಿ. ಹೊಡೀರಿ ಅಂತ ಯಾವ ಕಾಯ್ದೆದಾಗ ಬರದದ? ಪೊಲೀಸರು ಹಿಡಿಯುವಾಗ ಮನಿಷ್ಯಾ ತಿರುಗಿ ಬಿದ್ರ, ಓಡಿ ಹೋದ್ರ, ಅವನ್ನ ತಡಿಯಾಕ ಎಷ್ಟು ಬೇಕೋ ಅಷ್ಟ ಬಲಾ ಹಾಕಬಹುದು. ನೀವು ನಕ್ಕೋತ ನಿಂತಿದ್ರಿ!”

ವಿಭಾ ಮೂಲೆಯಿಂದ ಮೆಲ್ಲಗೆ, “ಆಂಟಿ, ನಾನು ಕರ್ನಾಟಕ ಅಂದಿದ್ರ ಅಂವಾ ಹೊಡೀತಿದ್ದಿಲ್ಲ,” ಎಂದಳು.

ನಿರುಪಮಾ ಅವಳನ್ನು ಹತ್ತಿರ ಎಳೆದುಕೊಂಡರು. “ಬಾ ಇಲ್ಲೆ. ನಿಮ್ಮಪ್ಪ ಖರೇನ ಕನ್ನಡ ಊರಿನವರಾಗಿದ್ರ ಹೊಡೀಬಹುದಿತ್ತೇನು? ಅಲ್ಲಿ ರೈತರನ್ನ ಹೊಡದ್ರ ನಡೀತದೇನು?”

ವಿಭಾ ತಲೆಯಾಡಿಸಿದಳು. “ಇಲ್ಲ.”

“ಮತ್ತ ನಿಂದೇನು ತಪ್ಪು? ಮಾತು ತಿಳೀಲಿಲ್ಲಂದ್ರ ಇನ್ನೊಮ್ಮೆ ಕೇಳಬೇಕು. ಕೈ ಎತ್ತಿದ್ದು ಅವನ ತಪ್ಪು.”

ಅಷ್ಟರಲ್ಲಿ ಶೆಟ್ಟರು ಕುರ್ಚಿಯಲ್ಲಿ ಕೊಸರಾಡಿದರು. “ಅದೆಲ್ಲ ಪುಸ್ತಕದ ಮಾತು ಮಾರಾಯ್ರೆ. ನಾವು ಪರವೂರಿನವರು. ಪೊಲೀಸರ ತಂಟೆ ನಮಗೆಂತಕ್ಕೆ? ಒಂದು ಪೆಟ್ಟು ಬಿತ್ತು, ಹೋಯ್ತು. ಬ್ಯಾಂಕಿಗೆ ಗೊತ್ತಾದ್ರೆ ನಿಮ್ಮ ಮರ್ಯಾದೆ ಎಂತ ಆಗ್ತದೆ? ಮತ್ತೆ ಸಾಕ್ಷಿ ಯಾರುಂಟು? ಮಗಳ ಮಾತು ಯಾರು ಕೇಳ್ತಾರೆ?”

“ಚೌಕದಾಗ ಅಷ್ಟು ಮಂದಿ ಇದ್ರಲ್ಲ,” ಎಂದರು ನೀರಜಾ. “ನಿಮ್ಮ ಹೋಟೆಲ್ಲೂ ಅಲ್ಲೇ ಅದ. ನೀವು ಏನೂ ನೋಡಲಿಲ್ಲೇನ್ರಿ?”

ಶೆಟ್ಟರು ಇಡ್ಲಿಯ ಪೊಟ್ಟಣದ ದಾರ ಬೆರಳಿಗೆ ಸುತ್ತತೊಡಗಿದರು. ಗುರುರಾಜರು ಅವರತ್ತ ತಿರುಗಿದರು. ಎಡಗಿವಿ ಕೇಳದ್ದರಿಂದ ಪೂರ್ತಿ ಮುಖ ತಿರುಗಿಸಿ, ಬಲಗಿವಿ ಮುಂದೆ ಮಾಡಿ, “ಏನಂದ್ರಿ ಶೆಟ್ರ? ಕೇಳಲಿಲ್ಲ,” ಎಂದರು.

ಶೆಟ್ಟರು ಏನೂ ಅಂದಿರಲಿಲ್ಲ. ಆ ಬಾಗಿದ ಕತ್ತನ್ನು ನೋಡಿ ಅವರಿಂದ ತಡೆಯಲಾಗಲಿಲ್ಲ.

“ನೋಡಿದ್ದೆ,” ಎಂದರು. “ದುಡ್ಡಿನ ಗಲ್ಲೆಯಲ್ಲಿ ಕೂತು ಎಲ್ಲ ನೋಡಿದ್ದೆ. ನೀವೇ ಅಂತ ಗುರ್ತೂ ಸಿಕ್ಕಿತ್ತು. ಎದ್ದು ಬಂದು, ‘ಇವರು ನಮ್ಮವರು, ಕರ್ನಾಟಕದವರು’ ಅಂತ ಹೇಳಿದ್ರೆ ಮುಗೀತಿತ್ತು. ಅವರು ದಿನಾ ನನ್ನಲ್ಲೇ ಚಾ ಕುಡಿಯುವವರು, ನಾಳೆ ಹೋಟೆಲಿಗೆ ತೊಂದ್ರೆ ಕೊಟ್ರೆ ಅಂತ ಹೆದರಿ ಅಡುಗೆಮನೆಗೆ ಹೋಗಿ ನಿಂತೆ. ಅವತ್ತಿನಿಂದ ನಿಮ್ಮ ಮನೆ ಕಡೆ ಬರ್ಲಿಕ್ಕೆ ಮುಖವೇ ಇರ್ಲಿಲ್ಲ ಮಾರಾಯ್ರೆ.”

ಇಡ್ಲಿಯ ಪೊಟ್ಟಣ ಬಿಚ್ಚದೆ ಹಾಗೇ ಬಿದ್ದಿತ್ತು. ನೋಡಿ, ಪೆಟ್ಟು ತಿಂದವರಿಗೆ ನಾಚಿಕೆ, ಎಣ್ಣೆ ಹಾಕಿದವರಿಗೆ ನಾಚಿಕೆ, ಅಳುವ ಹುಡುಗಿಗೆ ನಾಚಿಕೆ, ಗಲ್ಲೆಯವರಿಗೆ ನಾಚಿಕೆ. ಹೊಡೆದವನೊಬ್ಬನನ್ನು ಬಿಟ್ಟು ಎಲ್ಲರೂ ತಲೆ ತಗ್ಗಿಸಿದ್ದರು.

ಗುರುರಾಜರೇ ಕೇಳಿದರು: “ಈಗ ಬಂದು ಹೇಳ್ತೀರೇನು?”

ಶೆಟ್ಟರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. “ಬರ್ತೇನೆ. ಹೆದರಿಕೆ ಉಂಟು. ಆದ್ರೂ ಬರ್ತೇನೆ.”

ನಿರುಪಮಾ ಮರಾಠಿಯಲ್ಲಿ ದೂರು ಬರೆದರು. ಡಾಕ್ಟರರ ಚೀಟಿ ಲಗತ್ತಿಸಿದರು. ಠಾಣೆಯಲ್ಲಿ ತೆಗೆದುಕೊಳ್ಳಲು ಹಿಂದೆ ಮುಂದೆ ನೋಡಿದಾಗ ಮೇಲಧಿಕಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು. ಕೆಲವು ವಾರ ಕಳೆದು ಕರೆ ಬಂತು. ಎಲ್ಲರೂ ಹೋದರು.

ಅಧಿಕಾರಿಯ ಕೋಣೆಯಲ್ಲಿ ಆ ಪೊಲೀಸಿನವನೂ ನಿಂತಿದ್ದ. “ತಳ್ಳಿರಬಹುದು ಸಾಹೇಬ, ಹೊಡೆದಿಲ್ಲ,” ಎಂದ. ಗುರುರಾಜರು ಹೇಳಲು ಬಾಯಿ ತೆರೆದರು. ಮರಾಠಿ ಸಿಗಲಿಲ್ಲ, ಹಿಂದಿಯೂ ಮರೆತುಹೋಯಿತು. ಇಷ್ಟು ದೊಡ್ಡ ಮನುಷ್ಯ, ಎಲ್ಲರೆದುರು ಏಟು ತಿಂದೆ ಎಂದು ಬಾಯಿಬಿಟ್ಟು ಹೇಳುವುದು ಸುಲಭವೇ? ಕಣ್ಣು ತುಂಬಿಕೊಂಡು ಮೇಜು ನೋಡುತ್ತ ನಿಂತರು.

ಆಗ ವಿಭಾ ಅಪ್ಪನ ಕೈ ಹಿಡಿದು, ಒಂದು ಹೆಜ್ಜೆ ಮುಂದೆ ಬಂದು ಮರಾಠಿಯಲ್ಲಿ ಹೇಳಿದಳು: “ಮಾಝ್ಯಾ ಬಾಬಾಂಚ್ಯಾ ಕಾನಾಖಾಲೀ ಮಾರಲೀ. ಮೀ ಪಾಹಿಲಂ.” ನನ್ನ ಅಪ್ಪನ ಕಿವಿಯ ಬುಡಕ್ಕೆ ಹೊಡೆದರು, ನಾನು ನೋಡಿದೆ.

“ಮೀ ಪಣ ಪಾಹಿಲಂ,” ನಾನೂ ನೋಡಿದೆ, ಎಂದರು ಹಿಂದಿನಿಂದ ಶೆಟ್ಟರು.

ಪೊಲೀಸಿನವನು ಒಮ್ಮೆ ಹುಡುಗಿಯ ಮುಖ ನೋಡಿದ. ಆಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನೆಲ ನೋಡಿದ. ಮತ್ತೆ ‘ಹೊಡೆದಿಲ್ಲ’ ಎನ್ನಲಿಲ್ಲ. ಅವನ ಮೇಲೆ ಇಲಾಖೆಯ ವಿಚಾರಣೆ ಶುರುವಾಯಿತು, ಇನ್ನೂ ನಡೆಯುತ್ತಿದೆ. ಗುರುರಾಜರ ಕಿವಿ ಪೂರ್ತಿ ಮರಳಲಿಲ್ಲ. ಮಗಳು ಈಗ ಸ್ಕೂಟರಿನಲ್ಲಿ ಅವರ ಬಲಭುಜದ ಮೇಲಿಂದ ಬಾಗಿ ಮಾತನಾಡುತ್ತಾಳೆ.

ಓದಿದವರೇ, ಕೇಳಿದವರೇ, ನಾಶಿಕದಲ್ಲಿರಿ, ಔರಂಗಾಬಾದಿನಲ್ಲಿರಿ, ಇಷ್ಟು ಮನಸ್ಸಿನಲ್ಲಿಡಿ. ಪೊಲೀಸರು ನಿಲ್ಲಿಸಿದರೆ ನಿಲ್ಲಿ. ಎದುರು ಕೈ ಮಾಡಬೇಡಿ, ಓಡಬೇಡಿ. ತಪ್ಪಿದ್ದರೆ ದಂಡ ಕಟ್ಟಿ ರಸೀದಿ ಕೇಳಿ. ಎದೆಯ ಮೇಲಿನ ಹೆಸರಿನ ಪಟ್ಟಿ ಓದಿಕೊಳ್ಳಿ. ಏಟು ಬಿದ್ದರೆ ಅಂದೇ ಡಾಕ್ಟರರ ಬಳಿ ಹೋಗಿ, ಯಾರು ಹೊಡೆದರೆಂದು ನಿಜ ಹೇಳಿ, ಬರೆಸಿಕೊಳ್ಳಿ. ದಯವಿಟ್ಟು ಕಿವಿಗೆ ಎಣ್ಣೆ ಹಾಕಬೇಡಿ. ಠಾಣೆಯಲ್ಲಿ ಕೇಳದಿದ್ದರೆ ಮೇಲಧಿಕಾರಿಗೆ ಅಂಚೆಯಲ್ಲಿ ಕಳಿಸಿ. ಮಾನವ ಹಕ್ಕುಗಳ ಆಯೋಗಕ್ಕೂ ಒಂದು ವರ್ಷದೊಳಗೆ ಬರೆಯಬಹುದು. ದೆಹಲಿಯ ಆಯೋಗಕ್ಕೆ ಕನ್ನಡದಲ್ಲೇ ಬರೆದರೂ ನಡೆಯುತ್ತದೆ, ಶುಲ್ಕವಿಲ್ಲ. ವಕೀಲರ ನೆರವು ಬೇಕಾದರೆ ಜಿಲ್ಲಾ ಕೋರ್ಟಿನ ಕಾನೂನು ಸೇವಾ ಕಚೇರಿಯಲ್ಲಿ ಕೇಳಿ. ಹೆಂಗಸರಿಗೆ, ಮಕ್ಕಳಿಗೆ, ಬಡವರಿಗೆ ಅದು ಉಚಿತ.

ಮತ್ತು ನೀವು ಏಟು ತಿಂದವರಲ್ಲ, ನೋಡಿದವರಾಗಿದ್ದರೆ, ಎದ್ದು ಹೊರಗೆ ಬನ್ನಿ. “ಸಾಹೇಬ, ದಂಡ ಹಾಕಿ, ಕೈ ಎತ್ತಬೇಡಿ,” ಎಂದು ವಿನಯದಿಂದಲೇ ಹೇಳಿ. ಅಷ್ಟೂ ಆಗದಿದ್ದರೆ ಅಲ್ಲಿಂದ ಸರಿಯದೆ ನಿಲ್ಲಿ, ನಾಳೆ ಸಾಕ್ಷಿ ಹೇಳಿ. ಏಟು ತಿನ್ನುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಇದನ್ನೆಲ್ಲ ತಿಳಿದ ಮೇಲೂ ಅಡುಗೆಮನೆಗೆ ಹೋಗಿ ನಿಂತರೆ, ಆ ನಾಚಿಕೆ ಮಾತ್ರ ನಮ್ಮದು.