ಅಪ್ಪನ ಗುಡಾಣದ ಕೆಂಪು ಮಣ್ಣು

ಅನುಮಾನ ನನಗೆ ಹುಟ್ಟಿನಿಂದ ಬಂದದ್ದು. ದಿಂಗ್‌ಷು ಊರಿನಲ್ಲಿ ಚಹಾ ಕೂಜಾ ಮಾಡಿ ಬದುಕುವವರಿಗೆ ಅದಿಲ್ಲದೆ ನಡೆಯುವುದೂ ಇಲ್ಲ. ಝಾವ್‌ಝುವಾಂಗ್ ಗುಡ್ಡದ ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಅಲ್ಲಿನ ಕೆಂಪು ಮಣ್ಣು ಮಾತ್ರ ನಮ್ಮ ಬೀದಿಯ ಪ್ರತಿ ಅಂಗಡಿಯಲ್ಲೂ ಇನ್ನೂ ಸಿಗುತ್ತಲೇ ಇದೆ, ಮಾರುವವರೆಲ್ಲ ಅಪ್ಪನಾಣೆ ಇಡುತ್ತಲೇ ಇದ್ದಾರೆ.

ನಿಜವಾದದ್ದು ಇದ್ದದ್ದು ನನ್ನ ಹತ್ತಿರ. ಗಣಿ ಮುಚ್ಚುವ ಮೊದಲು ನಮ್ಮಪ್ಪ ಒಂದು ಗುಡಾಣದ ತುಂಬ ಆ ಮಣ್ಣನ್ನು ಕಲಸಿ, ಒದ್ದೆ ಬಟ್ಟೆ ಹೊದಿಸಿ ಹಳತಾಗಲು ಬಿಟ್ಟಿದ್ದ. ಸಾಯುವಾಗ, ಮಣ್ಣು ಮಗಳಿಗೆ, ಕಾಯುವ ಕೆಲಸ ಮಗನಿಗೆ ಅಂದ. ಬೇರೆ ಮಣ್ಣನ್ನು ಈ ಕೈಯಿಂದ ಮುಟ್ಟುವುದಿಲ್ಲ ಎಂದು ನಾನು ಅವನೆದುರೇ ಮಾತು ಕೊಟ್ಟೆ. ತಮ್ಮ ಗೆನ್‌ಫು ಊರವರಿಗೆಲ್ಲ ಮಣ್ಣು ಅರೆದು, ಜರಡಿ ಹಿಡಿದು, ಹದ ಮಾಡಿಕೊಡುವವನು. ವರ್ಷಕ್ಕೊಂದು ಸಲ ಗುಡಾಣದಿಂದ ಒಂದು ಮುದ್ದೆ ಕತ್ತರಿಸಿ ತಂದುಕೊಡುತ್ತಿದ್ದ. ನನ್ನನ್ನು ಮಾತ್ರ ಅದರ ಹತ್ತಿರ ಬಿಡುತ್ತಿರಲಿಲ್ಲ.

"ನಿನ್ನ ಬುದ್ಧಿ ನಂಗೊತ್ತಿಲ್ವಾ ಅಕ್ಕಾ? ದಿನಾ ಬಂದು ಮುಚ್ಚಳ ತೆಗೆದು ಅಳೀತೀಯ. ಮಣ್ಣು ಒಣಗಿಹೋಗುತ್ತೆ," ಎನ್ನುತ್ತಿದ್ದ.

ಈ ವಸಂತದಲ್ಲಿ ತಂದ ಮುದ್ದೆಯನ್ನು ಕೊಡತಿಯಿಂದ ತಟ್ಟುತ್ತಿದ್ದಂತೆ ನನ್ನ ಕೈ ನಿಂತಿತು. ಆ ಕೆಂಪು ಮಣ್ಣು ಬಲು ಮೊಂಡು, ತಟ್ಟಿದರೆ ಅಂಚು ಬಿರಿಯುತ್ತದೆ. ಇದೋ ಹಿಟ್ಟಿನ ಹಾಗೆ ಹೇಳಿದ ಮಾತು ಕೇಳುತ್ತಿತ್ತು. ಒಂದು ಪಟ್ಟಿ ಕತ್ತರಿಸಿ, ಅದರ ಮೇಲೆ ಹತ್ತು ಬೆರಳಗಲ ಉದ್ದದ ಗೆರೆ ಎಳೆದು ಸುಡಲು ಕೊಟ್ಟೆ. ಅಸಲಿ ಮಣ್ಣಾದರೆ ಗೆರೆ ಕುಗ್ಗಿ ಎಂಟಕ್ಕೆ ಇಳಿಯಬೇಕು. ಒಂಬತ್ತರಲ್ಲೇ ನಿಂತಿತ್ತು.

ಇಂಥ ಮಣ್ಣಿನ ಕೂಜಾದ ತಳಕ್ಕೆ ನನ್ನ ಮುದ್ರೆ ಒತ್ತಿ ಅಪ್ಪನ ಮಣ್ಣೆಂದು ಮಾರಿದರೆ, ನಲವತ್ತು ವರ್ಷದ ಹೆಸರು ಒಂದೇ ದಿನಕ್ಕೆ ಬೀದಿಪಾಲು. ಆಮೇಲೆ ಕಂಡದ್ದೆಲ್ಲ ಸಾಕ್ಷಿಯಾಗಿಯೇ ಕಂಡಿತು. ಗೆನ್‌ಫುವಿನ ಮನೆಗೆ ಹೊಸ ಸ್ಕೂಟರ್ ಬಂದಿದೆ. ಅವನ ಹೆಂಡತಿ ಯಾಛಿನ್ ನನ್ನ ಮುಖ ನೋಡಿ ಮಾತಾಡುತ್ತಿಲ್ಲ. ಮುದ್ದೆ ಸುತ್ತಿದ ಬಟ್ಟೆಯ ಗಂಟು ಕೂಡ ಅವನ ಕೈಯದಲ್ಲ. ನನ್ನ ಮಣ್ಣನ್ನು ಮಾರಿಕೊಂಡು ನನಗೇ ಕಸ ಕಟ್ಟಿದ್ದಾರೆ, ಅನುಮಾನವೇ ಬೇಡ ಎಂದುಕೊಂಡೆ.

ಛಿಂಗ್‌ಮಿಂಗ್ ಹಬ್ಬದ ದಿನ ಅಪ್ಪನ ಗೋರಿ ಗುಡಿಸಿ ಬಂದು ಅವರ ಮನೆಯಲ್ಲೇ ಊಟಕ್ಕೆ ಕೂತೆವು. ಯಾಛಿನ್ ಕಳಲೆಯ ಸಾರು ಬಡಿಸಿ, ಹಸಿರು ಅಕ್ಕಿಯುಂಡೆ ಇಟ್ಟಳು. ನಾನು ಆ ಸುಟ್ಟ ಪಟ್ಟಿಯನ್ನು ಉಂಡೆಗಳ ಪಕ್ಕ ಇಟ್ಟೆ.

"ಯಾರಿಗೆ ಮಾರಿದೆಯೋ?"

ಗೆನ್‌ಫು ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದ.

"ಬಾಯಿ ಬಿಡೋ! ಸ್ಕೂಟರ್ ಆಕಾಶದಿಂದ ಉದುರ್ತಾ?"

ಯಾಛಿನ್ ಚಾಪ್‌ಸ್ಟಿಕ್ ಕುಕ್ಕಿದಳು. "ಸ್ಕೂಟರ್ ನನ್ನ ತವರಿಂದು, ಅತ್ತಿಗೆ. ಇವರನ್ನ ಆಸ್ಪತ್ರೆಗೆ ಕೂರಿಸ್ಕೊಂಡು ಹೋಗೋಕೆ ಅಂತ ಕೊಟ್ಟಿದ್ದು. ಏಳಿ, ನಿಮ್ಮ ಗುಡಾಣ ತೋರಿಸ್ತೀನಿ."

"ಬೇಡ ಕಣೇ," ಎಂದ ಗೆನ್‌ಫು.

ಅವಳು ಕೇಳಲಿಲ್ಲ. ಹಿತ್ತಲ ಕೋಣೆಗೆ ಎಳೆದೊಯ್ದು ಮುಚ್ಚಳ ಸರಿಸಿದಳು. ತಳದಲ್ಲಿ ಜೇಡರ ಬಲೆ ಬಿಟ್ಟರೆ ಏನೂ ಇರಲಿಲ್ಲ. ಗುಡಾಣ ಒಣಗಿ ವರ್ಷಗಳೇ ಆಗಿದ್ದವು.

"ಅಪ್ಪ ಹೋದ ಮೂರನೇ ವರ್ಷಕ್ಕೇ ತಳ ಕಂಡಿತ್ತು," ಗೆನ್‌ಫು ಬಾಗಿಲಲ್ಲಿ ನಿಂತು ಹೇಳಿದ. "ಆಮೇಲಿನ ಒಂಬತ್ತು ವರ್ಷದ್ದೂ ನಾನೇ ಕಲಸಿದ್ದು. ಮೂರು ಊರಿನ ಮಣ್ಣು ತಂದು ಹದ ಮಾಡ್ತಿದ್ದೆ. ಈ ಸಲ ಕಣ್ಣು ಮಂಜಾಗಿ ಜರಡಿ ಹಿಡಿಯೋಕೆ ಆಗಲಿಲ್ಲ. ಇವಳು ಹಿಡಿದಳು."

"ನಂಗ್ಯಾಕೋ ಹೇಳಲಿಲ್ಲ?"

"ಹೇಳಿದ್ರೆ ನೀನು ಕೂಜಾ ಮಾಡೋದನ್ನೇ ಬಿಡ್ತಿದ್ದೆ. ಬೇರೆ ಮಣ್ಣು ಮುಟ್ಟಲ್ಲ ಅಂದಿದ್ದೆಯಲ್ಲ."

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ಅವನ ಮೇಲಲ್ಲ. ಒಂಬತ್ತು ವರ್ಷ ಅವನ ಮಣ್ಣು ತಟ್ಟುತ್ತಾ, ಕೊಳ್ಳುವವರೆದುರು, ನನ್ನ ಹೆಬ್ಬೆರಳಿಗೆ ಯಾರೂ ಮೋಸ ಮಾಡಲಾರರು ಎಂದು ಕೊಚ್ಚಿಕೊಂಡವಳು ನಾನು. ಕೊಂಡವರಿಗೆಲ್ಲ ಇನ್ನು ಕಾಗದ ಬರೆಯಬೇಕು.

ಅದೇ ಮುದ್ದೆಯಿಂದ ಕೂಜಾ ಮಾಡಿದೆ. ತಳಕ್ಕೆ ನನ್ನ ಮುದ್ರೆ ಒತ್ತಿದೆ. ಮುಚ್ಚಳದ ಒಳಮೈಗೆ ಬಿದಿರು ಕಡ್ಡಿಯಿಂದ ಗೆನ್‌ಫು ಎಂದು ಗೀಚಿದೆ.

ಬೇಸಗೆಯಲ್ಲಿ ಶಾಂಘೈನ ಲಿಯಾವ್ ಸಾಹೇಬರು ಬಂದರು. ನನ್ನ ನಾಲ್ಕು ಕೂಜಾ ಅವರ ಕಪಾಟಿನಲ್ಲಿವೆ; ಅವರಿಗೆ ನಾನಿನ್ನೂ ಕಾಗದ ಬರೆದಿರಲಿಲ್ಲ. ಹೊಸ ಕೂಜಾಕ್ಕೆ ಬಿಸಿನೀರು ಸುರಿದು, ಅದರ ಮೈ ಸವರಿ, ಕಣ್ಣು ಮುಚ್ಚಿದರು. "ಆಹಾ! ಹಳೇ ಗುಡ್ಡದ ಮಣ್ಣಿನ ಗತ್ತೇ ಬೇರೆ ಬಿಡಿ, ಶಾವ್ ಅಮ್ಮಾವ್ರೇ." ಆಮೇಲೆ ಮುಚ್ಚಳ ತಿರುಗಿಸಿದರು. "ಇದ್ಯಾರ ಹೆಸರು?"

"ನನ್ನ ತಮ್ಮಂದು. ಮಣ್ಣು ಅವನು ಕಲಸಿದ್ದು, ಗುಡ್ಡದ್ದಲ್ಲ. ನಿಮ್ಮ ಹತ್ತಿರ ಇರೋ ನಾಲ್ಕೂ ಅವನ ಮಣ್ಣಿಂದೇ. ನನಗೂ ಈ ವಸಂತದಲ್ಲೇ ಗೊತ್ತಾಗಿದ್ದು. ಬೇಡ ಅನ್ನಿಸಿದ್ರೆ ವಾಪಸ್ ತನ್ನಿ, ತಗೋತೀನಿ."

ಅವರು ನನ್ನನ್ನೇ ದಿಟ್ಟಿಸಿ, ಮೆಲ್ಲಗೆ ನಕ್ಕರು. "ಇದನ್ನ ಬೇರೆ ಯಾರಿಗೋ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೀರಿ, ಅಲ್ವಾ? ನನ್ನನ್ನ ಸಾಗಹಾಕೋಕೆ ಇಂಥ ಕತೆ ಕಟ್ತೀರಲ್ಲ. ನನ್ನ ಹೆಬ್ಬೆರಳಿಗೆ ಯಾರೂ ಮೋಸ ಮಾಡಕ್ಕಾಗಲ್ಲ, ಅಮ್ಮಾವ್ರೇ!"

ಎಷ್ಟು ಹೇಳಿದರೂ ನಂಬಲಿಲ್ಲ. ಮುಖ ಗಂಟಿಕ್ಕಿಕೊಂಡು ಕಾರು ಹತ್ತಿ ಹೋದರು.

ಕೂಜಾ ಎತ್ತಿಕೊಂಡು ತಮ್ಮನ ಮನೆಗೆ ನಡೆದೆ. ಯಾಛಿನ್ ಕೆಂಪು ಚಹಾ ಹಾಕಿದಳು. ಗೆನ್‌ಫು ಕಣ್ಣು ಕಿರಿದು ಮಾಡಿ ನೋಡಿ, ಕಾಣದೆ, ಹೆಬ್ಬೆರಳಿನಿಂದ ಕೂಜಾದ ಮೈಯನ್ನು ಬಹಳ ಹೊತ್ತು ಸವರಿದ. ಮುಚ್ಚಳ ತೆಗೆದು ಅದರ ಒಳಮೈಯನ್ನೂ ಸವರಿದ. ಅಲ್ಲಿ ಗೀಚಿದ ಅಕ್ಷರಗಳ ಮೇಲೆ ಬೆರಳು ನಿಂತಿತು, ಮತ್ತೆ ಮೊದಲಿನಿಂದ ಓದಿತು.

"ಮರಳು ಜಾಸ್ತಿಯಾಯ್ತು ಕಣಕ್ಕಾ," ಎಂದ. "ಈ ಮಣ್ಣಿಗೆ ನನ್ನ ಹೆಸರು ಹಾಕಬಾರದಿತ್ತು."