ಬೈರಾಸಿನ ಕಟ್ಟು

“ಕರಕೊಂಡು ಹೋಗುವವ ಬಾಯಿ ಬಿಡುವ ಹಾಗಿಲ್ಲ,” ಎಂದರು ಸ್ಟ್ಯಾನಿಸ್ಲಾಸ್ ಮಾಸ್ಟ್ರು. “ಕೈ ಒಮ್ಮೆ ಅದುಮಿದರೆ ಒಂದು ಹೆಜ್ಜೆ ಮುಂದೆ. ಗಟ್ಟಿಯಾಗಿ ಹಿಡಿದುಕೊಂಡರೆ ನಿಲ್ಲಬೇಕು. ಕಣ್ಣು ಕಟ್ಟಿಸಿಕೊಂಡವ ಮಾತಾಡಬಹುದು, ಬೇಕಾದರೆ ಬೈಯಲೂಬಹುದು.”

ಹುಡುಗರು ನಕ್ಕರು. ಇದ್ರೀಸ್ ನಗಲಿಲ್ಲ. ಅವನ ಕಣ್ಣಿಗೆ ಮೈಯೊರೆಸುವ ಬೈರಾಸು ಬಿಗಿಯುತ್ತಿದ್ದವನು ಉಮಾನಾಥ.

ಕಡಲ ಕರೆಯ ಹೂಡೆಯ ಯುವಕ ಮಂಡಲ ಎಂಬತ್ತೊಂದನೇ ಇಸವಿಯ ವಾರ್ಷಿಕೋತ್ಸವಕ್ಕೆ ನಾಟಕ ಆಡಲು ಹೊರಟಿತ್ತು. ಉಡುಪಿಯಿಂದ ಮಾಸ್ಟ್ರು ಬಂದು ನೋಡಿದರೆ, ಅರ್ಧ ಹುಡುಗರು ಇನ್ನರ್ಧದವರ ಮುಖವನ್ನೇ ನೋಡುತ್ತಿಲ್ಲ. ಮಾತು ಬಾಯಿಪಾಠ ಮಾಡುವ ಮೊದಲು ಒಬ್ಬರ ಮೇಲೊಬ್ಬರಿಗೆ ನಂಬಿಕೆ ಬರಬೇಕು, ಅದಕ್ಕೆ ಆಟಗಳು ಉಂಟು ಎಂದರು. ಯಾವುದೋ ಶಿಬಿರದಲ್ಲಿ ಕಲಿತು ಬಂದದ್ದು. ಪಾಪ, ಒಳ್ಳೆಯ ಮನುಷ್ಯ. ಆದರೆ ಈ ಮುನಿಸು ಯಾಕೆಂದು ಕೇಳುವ ವ್ಯವಧಾನ ಅವರಿಗೆ ಇರಲಿಲ್ಲ. ಎತ್ತರ ನೋಡಿ ಜೋಡಿ ಮಾಡಿಬಿಟ್ಟರು.

ಹಿಂದಿನ ಮಳೆಗಾಲದ ಮೊದಲ ಗಾಳಿಗೆ ಇದ್ರೀಸನ ಅಣ್ಣ ಅಬ್ದುಲ್ ಹಕೀಂ ಬೋಟಿನಿಂದ ಕಡಲಿಗೆ ಬಿದ್ದಿದ್ದ. ಹೆಣ ಸಿಗಲಿಲ್ಲ. ಬಿದ್ದದ್ದನ್ನು ಕಂಡವನು ಬೋಟಿನ ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದಿದ್ದ ಉಮಾನಾಥ ಒಬ್ಬನೇ. “ಬಿದ್ದವ ಮತ್ತೆ ಮೇಲೆ ಬರಲೇ ಇಲ್ಲ. ಹಾಗಾಗಿ ಬೋಟು ತಿರುಗಿಸಲಿಲ್ಲ,” ಎಂದು ಪೊಲೀಸರಿಗೂ ಹೇಳಿದ್ದ, ಮಸೀದಿಯವರಿಗೂ ಹೇಳಿದ್ದ. ಕೆಲವರು ನಂಬಿದರು, ಕೆಲವರು ನಂಬಲಿಲ್ಲ; ಹುಡುಗರ ಮುನಿಸು ಅದರಿಂದಲೇ. ಇದ್ರೀಸನ ಉಮ್ಮ ಆಸಿಯಮ್ಮ ಮಾತ್ರ ಇವತ್ತಿಗೂ ಕಡಲಿನಿಂದ ಬಂದವರನ್ನೆಲ್ಲ ನಿಲ್ಲಿಸಿ, ಸಂಜೆಯಾದರೆ ಇದ್ರೀಸನನ್ನೂ, ಕೇಳುತ್ತಿದ್ದಳು: “ನನ್ನ ಮಗ ಕೂಗಿದನಾ?”

ಕೈ ಹಿಡಿದುಕೊಂಡು ಇಬ್ಬರೂ ಅಭ್ಯಾಸ ನಡೆಯುತ್ತಿದ್ದ ಶಾಲೆಯ ಅಂಗಳ ದಾಟಿ ಕಡಲ ಮರಳಿಗೆ ಇಳಿದರು. ಉಮಾನಾಥ ಜಾಗ್ರತೆಯಿಂದಲೇ ನಡೆಸುತ್ತಿದ್ದ. ಒಣಹಾಕಿದ ಬಲೆ ಎದುರಾದಾಗ ಕೈ ಗಟ್ಟಿಯಾಗಿ ಹಿಡಿದು ನಿಲ್ಲಿಸಿ, ಬಳಸಿಕೊಂಡು ಕರೆದೊಯ್ದ. ಈ ಕೈಯನ್ನು ನಂಬಬಹುದು ಎಂದು ಇದ್ರೀಸನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

“ಉಮಾನಾಥ,” ಎಂದ. “ನೀನು ಮಾತಾಡುವುದು ಬೇಡ. ಕೈಯಲ್ಲೇ ಹೇಳು ಮಾರಾಯ. ನನಗೆ ನಿನ್ನ ಮುಖ ಕಾಣುವುದಿಲ್ಲ ಅಲ್ವಾ? ಹೌದಾದರೆ ಒಮ್ಮೆ ಅದುಮು. ಅಣ್ಣ ಮೇಲೆ ಬಂದಿದ್ದನಾ?”

ಕೈ ಬೆವರತೊಡಗಿತು. ಆಮೇಲೆ ಒಮ್ಮೆ ಅದುಮಿತು.

ಆಟದ ರೂಢಿಗೆ ಇದ್ರೀಸನ ಕಾಲು ಒಂದು ಹೆಜ್ಜೆ ಮುಂದೆ ಹೋಯಿತು.

“ಕೂಗಿದನಾ?”

ಮತ್ತೊಮ್ಮೆ ಅದುಮಿತು. ಅಷ್ಟಕ್ಕೇ ನಿಲ್ಲಲಿಲ್ಲ. ಅದುಮಿತು, ಸಡಿಲಿತು, ಮತ್ತೆ ಅದುಮಿತು. ಎಷ್ಟು ಸಲ ಕೂಗಿದ್ದ ಎಂದು ಇದ್ರೀಸ್ ಕೇಳಿರಲಿಲ್ಲ. ಆದರೂ ಕೈ ಹೇಳುತ್ತಲೇ ಹೋಯಿತು, ಅವನ ಕಾಲುಗಳು ನಡೆಯುತ್ತಲೇ ಹೋದವು. ಪಾದಕ್ಕೆ ನೀರು ತಾಗಿತು. ಮೊಣಕಾಲಿಗೆ ಬಂತು.

“ಆ ಗಾಳಿಗೆ ಬೋಟು ತಿರುಗಿಸಿದ್ದರೆ ಎಲ್ಲರೂ ಮುಳುಗಿ ಹೋಗುತ್ತಿದ್ದೆವು,” ಎಂದ ಉಮಾನಾಥ. ಆಟದ ನಿಯಮ ಅಲ್ಲಿಗೆ ಮುರಿಯಿತು. “ನನ್ನ ಹೆಸರೇ ಹಿಡಿದು ಕೂಗಿದ.”

ದಡದಲ್ಲಿ ಮಾಸ್ಟ್ರು ಚಪ್ಪಾಳೆ ತಟ್ಟುತ್ತಿದ್ದರು. “ನೋಡಿ, ನೀರಿಗೂ ಇಳಿದ! ಇದಕ್ಕೇ ನಂಬಿಕೆ ಎನ್ನುವುದು! ಇನ್ನು ಬದಲಾಯಿಸಿ. ಇದ್ರೀಸ್ ಕರಕೊಂಡು ಹೋಗಲಿ.”

ಇದ್ರೀಸ್ ಕಟ್ಟು ಬಿಚ್ಚಿದ. ಬೈರಾಸು ಕಣ್ಣಿನ ಜಾಗದಲ್ಲಿ ಒದ್ದೆಯಾಗಿತ್ತು. ಉಮಾನಾಥ ತಾನಾಗಿಯೇ ಬೆನ್ನು ತಿರುಗಿಸಿ ತಲೆ ಬಗ್ಗಿಸಿದ. ಇದ್ರೀಸ್ ಅವನ ಕಣ್ಣಿಗೆ ಬಿಗಿಯಾಗಿ ಕಟ್ಟಿ, ಅವನ ಕೈ ಹಿಡಿಯದೆ ನೀರಿನಿಂದ ಹೊರಗೆ ಬಂದ. ಸಂಜೆ ಉಮ್ಮ ಕೇಳುತ್ತಾಳೆ. ಇಷ್ಟು ದಿನ ಗೊತ್ತಿಲ್ಲ ಎಂದರೆ ಸಾಕಿತ್ತು. ಮಾಸ್ಟ್ರು ಕರೆಯುತ್ತಿದ್ದರೂ ಅವನು ಮನೆಯ ದಾರಿ ಹಿಡಿದ.

ಉಮಾನಾಥ ಮೊಣಕಾಲು ನೀರಿನಲ್ಲಿ, ಕಡಲಿಗೆ ಮುಖ ಮಾಡಿ, ಒಂದು ಕೈ ಚಾಚಿ ನಿಂತೇ ಇದ್ದ.